ಎಂಟು ದಿನಗಳಲ್ಲಿ ಮಾರ್ಖಾ ಕಣಿವೆ ಬೇಡ: ಮಲ್ಪೆಯ ಮಿತ್ರರ ಪ್ರಶ್ನೆಗೆ ಉತ್ತರ

ಮಲ್ಪೆಯ ಮಿತ್ರರು ನಿನ್ನೆ ಈ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ. ಲಡಾಖ್‌ನ ಮಾರ್ಖಾ ಕಣಿವೆಯಲ್ಲಿ ಚಾರಣ ಮಾಡುವ ಅವರ ಯೋಜನೆ ಇದು: ಆಗಸ್ಟ್ ಎರಡನೆಯ ವಾರದಲ್ಲಿ ಆರು ಮಂದಿ ಮಂಗಳೂರಿನಿಂದ ಹೊರಟು ದೆಹಲಿಯಲ್ಲಿ ತಂಗುವುದು, ಎರಡನೆಯ ದಿನ ಬೆಳಿಗ್ಗೆ ವಿಮಾನದಲ್ಲಿ ಲೇಹ್ ತಲುಪುವುದು, ಮೂರನೆಯ ದಿನ ವಿಶ್ರಾಂತಿ, ನಾಲ್ಕನೆಯ ದಿನ ನಡಿಗೆ ಆರಂಭಿಸಿ ಏಳನೆಯ ದಿನ ಕಾಂಗ್‌ಮಾರು ಲಾ ಎಂಬ ಎತ್ತರದ ಕಣಿವೆದಾರಿಯನ್ನು ದಾಟುವುದು, ಎಂಟನೆಯ ದಿನ ಮನೆ. ತಂಡದಲ್ಲೊಬ್ಬರಿಗೆ 58 ವರ್ಷ. ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುತ್ತಾರೆ. ಗೈಡನ್ನು ಹೇಗೆ ಆರಿಸಬೇಕು, ಕುಮಾರಪರ್ವತ ಹತ್ತಿದವರಿಗೆ ಇದು ಕಷ್ಟವೇ, ಶೂ ಯಾವುದು, ಅಲ್ಲಿ ಫೋನ್ ಸಿಗುತ್ತದೆಯೇ ಎಂಬುದು ಅವರ ಪ್ರಶ್ನೆ. ಶೂವಿನ ಬಗ್ಗೆ ಇಲ್ಲಿ ಆಗಲೇ ಸಾಕಷ್ಟು ಚರ್ಚೆಯಾಗಿದೆ. ದಿನಗಳ ಲೆಕ್ಕವನ್ನು ಮಾತ್ರ ಯಾರೂ ಮುಟ್ಟಿಲ್ಲ. ನನ್ನ ದೃಷ್ಟಿಯಲ್ಲಿ ಮೊದಲು ತಿದ್ದಬೇಕಾದದ್ದು ಅದನ್ನೇ.

ನಾವು ಕಡಲ ಮಟ್ಟದಲ್ಲಿ ಬದುಕುವವರು. ಕುಮಾರಪರ್ವತದ ಎತ್ತರ 1,712 ಮೀಟರ್. ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ 1,900 ಮೀಟರನ್ನು ತುಸು ಮೀರುತ್ತದೆ, ಅಷ್ಟೆ. ಲೇಹ್‌ನ ವಿಮಾನ ನಿಲ್ದಾಣವೇ 3,256 ಮೀಟರ್ ಎತ್ತರದಲ್ಲಿದೆ, ಊರು ಅದಕ್ಕಿಂತಲೂ ಮೇಲೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆ ಶೇಕಡಾ 21ರಷ್ಟೇ ಇರುತ್ತದೆ. ಮೇಲೇರಿದಂತೆ ಇಳಿಯುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಮಲ್ಪೆ ಕಡಲತೀರದ ಸುಮಾರು ಮೂರರಲ್ಲಿ ಎರಡು ಪಾಲು, ಸುಮಾರು 5,200 ಮೀಟರಿನ ಕಾಂಗ್‌ಮಾರು ಲಾದ ಮೇಲೆ ಹೆಚ್ಚುಕಡಿಮೆ ಅರ್ಧ. ಕುಮಾರಪರ್ವತ ಹತ್ತಿದ ಕಾಲಿಗೆ ಮಾರ್ಖಾದ ದಾರಿ ಕಷ್ಟವೇನಲ್ಲ. ಕಣಿವೆಯ ನಡಿಗೆ ಬಹುಪಾಲು ಸಲೀಸು. ಆದರೆ ಎತ್ತರಕ್ಕೆ ಹೊಂದಿಕೊಳ್ಳುವುದು ಕಾಲಿನ ಕೆಲಸವಲ್ಲ. ಉಸಿರು, ರಕ್ತ, ಮೂತ್ರಪಿಂಡಗಳು ಅದಕ್ಕೆ ತಮ್ಮದೇ ಆದ ಸಮಯ ತೆಗೆದುಕೊಳ್ಳುತ್ತವೆ, ಮತ್ತು ಆ ಸಮಯವನ್ನು ಊರಿನಲ್ಲಿ ಎಷ್ಟು ಓಡಿದರೂ ಮುಂಚಿತವಾಗಿ ಕೂಡಿಡಲು ಬರುವುದಿಲ್ಲ.

ಸಾಮಾನ್ಯವಾಗಿ ಪಾಲಿಸುವ ನಿಯಮವೆಂದರೆ, 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು–ನಾಲ್ಕು ದಿನಗಳಿಗೊಮ್ಮೆ ಏರದೆ ಒಂದು ದಿನ ಉಳಿಯಬೇಕು. ಇದನ್ನು ನಿಮ್ಮ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ನಡಿಗೆಯ ಮೊದಲ ರಾತ್ರಿ ತಂಗುವ ಸ್ಕಿಯು ಸುಮಾರು 3,400 ಮೀಟರ್, ಮಾರ್ಖಾ ಗ್ರಾಮ 3,750ರ ಆಸುಪಾಸು, ಇಲ್ಲಿಯವರೆಗೆ ತೊಂದರೆಯಿಲ್ಲ. ಮರುದಿನವೇ ನೀವು ಸುಮಾರು 4,750 ಮೀಟರಿನ ನಿಮಾಲಿಂಗ್‌ನಲ್ಲಿ ಮಲಗುತ್ತೀರಿ. ಒಂದೇ ಹಗಲಿನಲ್ಲಿ ಸಾವಿರ ಮೀಟರ್, ಅದೂ ಲೇಹ್‌ಗೆ ಬಂದ ಐದನೆಯ ರಾತ್ರಿ. ನಿಮಗೆ ಇದನ್ನು ಬರೆದುಕೊಟ್ಟವರು ಕಿಲೋಮೀಟರುಗಳನ್ನು ಎಣಿಸಿದ್ದಾರೆಯೇ ಹೊರತು ಎತ್ತರವನ್ನು ಎಣಿಸಿಲ್ಲ.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಾನೇ ಮೊದಲ ಸಲ ಇಂಥದೇ ಪಟ್ಟಿಯನ್ನು ನಂಬಿ ಹೋಗಿದ್ದೆ. ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಗರೆನಿಸಿದ್ದ ಮೂಡುಬಿದಿರೆಯ ಗೆಳೆಯರೊಬ್ಬರು ಮಾರ್ಖಾದಲ್ಲೇ ತಲೆನೋವು ಶುರುವಾದರೂ ಹೇಳದೆ, ಮಾತ್ರೆ ನುಂಗಿ ನಡೆದರು. ನಿಮಾಲಿಂಗ್‌ನಲ್ಲಿ ನಡುರಾತ್ರಿ ವಾಂತಿ ಆರಂಭವಾಯಿತು. ಟೆಂಟಿನಿಂದ ಹೊರಬಂದವರು ಕುಡಿದವರಂತೆ ತೂರಾಡುತ್ತಿದ್ದರು. ಗೈಡ್ ಎಂದು ಬಂದಿದ್ದ ಹುಡುಗ ಬೆಳಕಾಗಲಿ ನೋಡೋಣ ಎಂದ. ಅವನು ಅಡುಗೆಯವರ ಸಹಾಯಕನೆಂದೂ, ಕೊನೆಯ ಗಳಿಗೆಯಲ್ಲಿ ಗೈಡ್ ಆಗಿ ಕಳುಹಿಸಲ್ಪಟ್ಟವನೆಂದೂ ನಮಗೆ ತಿಳಿದದ್ದು ಆಮೇಲೆ. ಬೆಳಕಾಗುವವರೆಗೆ ಕಾಯಬಾರದು ಎಂದು ಪಟ್ಟು ಹಿಡಿದವರು ನಮ್ಮ ಕುದುರೆಯವರು, ಹಂಕರ್ ಕಡೆಯ ಹಿರಿಯರು. ಟಾರ್ಚಿನ ಬೆಳಕಿನಲ್ಲಿ ಗೆಳೆಯರನ್ನು ಕುದುರೆಯ ಮೇಲೆ ಕೂರಿಸಿ, ಎರಡೂ ಬದಿಯಲ್ಲಿ ಹಿಡಿದುಕೊಂಡು ಹಂಕರ್‌ಗೆ ಇಳಿಸಿದೆವು. ಮಧ್ಯಾಹ್ನದ ಹೊತ್ತಿಗೆ ಅವರು ಊಟ ಕೇಳಿದರು. ಇಳಿದದ್ದು ಸುಮಾರು 750 ಮೀಟರ್ ಮಾತ್ರ; ಬದುಕಿಸಿದ್ದು ಅದೇ.

ಹಾಗಾಗಿ ನನ್ನ ಸಲಹೆ ಹದಿಮೂರು ದಿನಗಳು. ಮೊದಲ ದಿನ ದೆಹಲಿ, ಎರಡನೆಯ ದಿನ ಲೇಹ್. ಅಂದು ಕೋಣೆಯಲ್ಲೇ ಇರಿ. ಮೂರನೆಯ ದಿನವೂ ಪೇಟೆಯಲ್ಲಿ ನಿಧಾನವಾಗಿ ಅಡ್ಡಾಡುವುದಷ್ಟೆ. ನಾಲ್ಕನೆಯ ದಿನ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿ ಇಳಿಯಿರಿ. ಬಿಡುವಿದೆಯೆಂದು ಈ ದಿನಗಳಲ್ಲಿ ಕಾರು ಮಾಡಿಕೊಂಡು ಖಾರ್ದುಂಗ್ ಲಾಕ್ಕೆ ಹೋಗಿ ಫೋಟೋ ತೆಗೆಸಿಕೊಂಡು ಬರುವವರಿದ್ದಾರೆ. 5,300 ಮೀಟರ್ ಮೀರಿದ ಆ ಜಾಗಕ್ಕೆ ಬಂದ ಮರುದಿನವೇ ಹೋಗುವುದು ವಿಶ್ರಾಂತಿಯಲ್ಲ. ಐದನೆಯ ದಿನ ಸಿಂಧೂ ಮತ್ತು ಜನ್ಸ್ಕಾರ್ ನದಿಗಳು ಕೂಡುವ ನಿಮ್ಮು ದಾಟಿ ಚಿಲ್ಲಿಂಗ್ ಮಾರ್ಗವಾಗಿ ಸ್ಕಿಯು. ಹಿಂದೆ ಚಿಲ್ಲಿಂಗ್ ಬಳಿ ಜನ್ಸ್ಕಾರನ್ನು ಹಗ್ಗಕ್ಕೆ ತೂಗುಬಿಟ್ಟ ತೊಟ್ಟಿಲಲ್ಲಿ ಕುಳಿತು ದಾಟಬೇಕಿತ್ತು. ಈಗ ಸೇತುವೆಯಿದೆ, ರಸ್ತೆಯೂ ಕಣಿವೆಯ ಒಳಕ್ಕೆ ಸಾಗುತ್ತಿದೆ. ಆರನೆಯ ದಿನ ಮಾರ್ಖಾ, ಏಳಕ್ಕೆ ಹಂಕರ್, ಎಂಟಕ್ಕೆ ಥಾಚುಂಗ್ಸೆ, ಒಂಬತ್ತಕ್ಕೆ ನಿಮಾಲಿಂಗ್. ಹಂಕರ್‌ನಿಂದ ಥಾಚುಂಗ್ಸೆಗೆ ನಡಿಗೆ ತೀರಾ ಚಿಕ್ಕದು, ಮಧ್ಯಾಹ್ನದೊಳಗೆ ಮುಗಿಯುತ್ತದೆ. ಇಷ್ಟಕ್ಕೇಕೆ ಒಂದು ದಿನ ಎಂದು ತಂಡದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಬಿಟ್ಟುಕೊಡಬೇಡಿ. ಹತ್ತನೆಯ ದಿನ ನಿಮಾಲಿಂಗ್‌ನಲ್ಲೇ ಉಳಿಯಿರಿ. ಆ ಬಯಲಿನಲ್ಲಿ ಬೇಸಿಗೆಯಲ್ಲಿ ಕುರಿ, ಆಡು, ಯಾಕ್‌ಗಳನ್ನು ಮೇಯಿಸುತ್ತಾರೆ, ಎದುರಿಗೆ 6,400 ಮೀಟರಿನ ಆಸುಪಾಸಿನ ಕಾಂಗ್ ಯಾಚೆ ನಿಂತಿರುತ್ತದೆ, ಬೇಸರಕ್ಕೆ ಆಸ್ಪದವಿಲ್ಲ. ಹನ್ನೊಂದರಂದು ಕಣಿವೆದಾರಿ ದಾಟಿ ಶಾಂಗ್ ಸುಮ್ದೋಗೆ ಇಳಿದು ವಾಹನದಲ್ಲಿ ಲೇಹ್. ಹನ್ನೆರಡು ಕೈಯಲ್ಲಿರುವ ಹೆಚ್ಚಿನ ದಿನ, ಹದಿಮೂರಕ್ಕೆ ಮನೆ. ಈ ಹೆಚ್ಚಿನ ದಿನವನ್ನು ಉಳಿಸಲು ಹೋಗಬೇಡಿ. ಲೇಹ್‌ನ ವಿಮಾನಗಳು ಹವಾಮಾನ ಕೆಟ್ಟರೆ ರದ್ದಾಗುತ್ತವೆ.

ಎಂಟು ದಿನಗಳಿಗಿಂತ ಹೆಚ್ಚು ರಜೆ ಸಿಗದಿದ್ದರೆ ಮಾರ್ಖಾವನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಂಡು ಶಾಮ್ ಕಣಿವೆಗೆ ಹೋಗಿ. ಲಿಕಿರ್‌ನಿಂದ ಯಾಂಗ್‌ತಾಂಗ್, ಹೆಮಿಸ್ ಶುಕ್ಪಾಚನ್ ಮೂಲಕ ತೆಮಿಸ್‌ಗಾಮ್‌ವರೆಗಿನ ಈ ದಾರಿಯಲ್ಲಿ ಕೆಲವು ಚಿಕ್ಕ ಕಣಿವೆದಾರಿಗಳಿವೆ, ಯಾವುದೂ 4,000 ಮೀಟರ್ ಮುಟ್ಟುವುದಿಲ್ಲ. ಮಕ್ಕಳ ಚಾರಣ ಎಂದು ಕೆಲವರು ಮೂಗು ಮುರಿಯುತ್ತಾರೆ. ನಾನು ಎರಡು ಬಾರಿ ನಡೆದಿದ್ದೇನೆ, ಮೂರನೆಯ ಸಲಕ್ಕೂ ಸಿದ್ಧ.

ಈಗ ಗೈಡ್ ವಿಷಯ. ಸಂಸ್ಥೆಯ ಹೆಸರು ನೋಡಿ ಹಣ ಕಟ್ಟಬೇಡಿ. ನಿಮ್ಮೊಂದಿಗೆ ನಡೆಯುವ ವ್ಯಕ್ತಿ ಯಾರೆಂದು ಕೇಳಿ, ಮುಂಗಡ ಕೊಡುವ ಮೊದಲೇ ಅವರೊಂದಿಗೆ ಫೋನಿನಲ್ಲಿ ಮಾತನಾಡಿ. ಈ ದಾರಿಯಲ್ಲಿ ಎಷ್ಟು ಬಾರಿ ನಡೆದಿದ್ದಾರೆ, ಪ್ರಥಮ ಚಿಕಿತ್ಸೆಯ ತರಬೇತಿ ಇದೆಯೇ, ಆಮ್ಲಜನಕದ ಸಿಲಿಂಡರ್ ಒಯ್ಯುತ್ತಾರೆಯೇ, ಸಾಮಾನಿನ ಕುದುರೆಗಳಲ್ಲದೆ ಅಗತ್ಯಬಿದ್ದರೆ ರೋಗಿಯನ್ನು ಹೊರಲು ಒಂದು ಕುದುರೆ ಸಿಗುತ್ತದೆಯೇ ಎಂದು ವಿಚಾರಿಸಿ. ಒಬ್ಬರು ಕೆಳಗಿಳಿಯಬೇಕಾದರೆ ಅವರ ಜೊತೆ ಯಾರು ಹೋಗುತ್ತಾರೆ, ಉಳಿದ ಐವರನ್ನು ಯಾರು ನಡೆಸುತ್ತಾರೆ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಬಾರದಿದ್ದರೆ ಬೇರೆಯವರನ್ನು ಹುಡುಕಿ. ಒಂದು ದಿನ ಹೆಚ್ಚು ತಂಗಿದರೆ ಎಷ್ಟು ಕೊಡಬೇಕೆಂಬುದನ್ನು ಮೊದಲೇ ಬರೆಸಿಕೊಳ್ಳಿ. ಹಣದ ಚೌಕಾಸಿಯನ್ನು ನಿಮಾಲಿಂಗ್‌ನಲ್ಲಿ ನಿಂತು ಮಾಡುವಂತಾಗಬಾರದು. ಇಳಿಯಬೇಕೆಂದು ಗೈಡ್ ಹೇಳಿದರೆ ಅದೇ ಕೊನೆಯ ಮಾತು ಎಂದು ಆರು ಮಂದಿಯೂ ಹೊರಡುವ ಮೊದಲೇ ಒಪ್ಪಿಕೊಳ್ಳಿ.

ರೋಗಲಕ್ಷಣಗಳನ್ನು ಎಲ್ಲರೂ ತಿಳಿದಿರಬೇಕು. ತಲೆನೋವಿನ ಜೊತೆ ಓಕರಿಕೆ, ಹಸಿವಿಲ್ಲದಿರುವುದು, ತಲೆಸುತ್ತು, ವಿಪರೀತ ಸುಸ್ತು ಇದ್ದರೆ ಅದನ್ನು ಎತ್ತರದ ಕಾಯಿಲೆಯೆಂದೇ ತಿಳಿದು ಅಲ್ಲೇ ನಿಲ್ಲಬೇಕು. ಸುಮ್ಮನೆ ಕುಳಿತಿದ್ದರೂ ಏದುಸಿರು ಬರುವುದು, ಕೆಮ್ಮು, ಕೆಮ್ಮಿನಲ್ಲಿ ನೊರೆ ಕಾಣುವುದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವುದರ ಗುರುತು. ಮಾತು ತಡವರಿಸುವುದು, ಗೊಂದಲ, ತೂರಾಟ ಮಿದುಳು ಊದಿಕೊಳ್ಳುತ್ತಿರುವುದರ ಗುರುತು. ಅನುಮಾನ ಬಂದರೆ ಒಂದು ಹೆಜ್ಜೆಯ ಹಿಮ್ಮಡಿಗೆ ಇನ್ನೊಂದರ ತುದಿ ತಾಗಿಸಿ ನೇರ ಗೆರೆಯಲ್ಲಿ ನಡೆಸಿ ನೋಡಿ. ವಾಲಿದರೆ ರಾತ್ರಿಯೋ ಹಗಲೋ ಎಂದು ಯೋಚಿಸದೆ ಇಳಿಸಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಒಯ್ಯಿರಿ, ಆದರೆ ಅಷ್ಟು ಎತ್ತರದಲ್ಲಿ ಆರೋಗ್ಯವಂತರಿಗೂ ಅದು ಎಂಬತ್ತರ ಆಸುಪಾಸು ತೋರಿಸುವುದುಂಟು. ಅಂಕಿ ಚೆನ್ನಾಗಿದೆಯೆಂದು ಮನುಷ್ಯನ ಮುಖ ನೋಡದೆ ಇರಬೇಡಿ.

ಎತ್ತರದ ಕಾಯಿಲೆ ಬಾರದಂತೆ, ಡಯಾಮಾಕ್ಸ್ ಎಂದು ಕರೆಯುವ ಅಸಿಟಜೋಲಮೈಡ್ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಬೆರಳುಗಳು ಜುಮ್ಮೆನ್ನುತ್ತವೆ, ಮೂತ್ರ ಹೆಚ್ಚು ಹೋಗುತ್ತದೆ. ಸಲ್ಫಾ ಔಷಧಗಳಿಗೆ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. 58 ವರ್ಷದ ಹಿರಿಯರಿಗೆ ವಯಸ್ಸು ಅಡ್ಡಿಯಲ್ಲ, ಹತೋಟಿಯಲ್ಲಿರುವ ರಕ್ತದೊತ್ತಡವೂ ತಾನಾಗಿ ಅಡ್ಡಿಯಲ್ಲ. ಆದರೆ ಎತ್ತರದ ಮೊದಲ ದಿನಗಳಲ್ಲಿ ಒತ್ತಡ ಏರುವುದು ಸಾಮಾನ್ಯ. ಅವರ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವಂಥದ್ದೋ ಹೃದಯದ ಬಡಿತ ತಗ್ಗಿಸುವಂಥದ್ದೋ ಇದ್ದರೆ ಡಯಾಮಾಕ್ಸ್ ಜೊತೆ, ಏರು ನಡಿಗೆಯ ಜೊತೆ ಹೇಗೆ ಹೊಂದಿಸಬೇಕೆಂದು ತಿಂಗಳು ಮುಂಚೆಯೇ ವೈದ್ಯರಲ್ಲಿ ಕೇಳಲಿ, ಒತ್ತಡ ಅಳೆಯುವ ಯಂತ್ರವನ್ನೂ ಒಯ್ಯಲಿ.

ಆಗಸ್ಟ್ ತಿಂಗಳ ಬಗ್ಗೆ ಒಂದು ಮಾತು. ಆಟಿ ತಿಂಗಳ ಜೋರು ಮಳೆ ನಮ್ಮಲ್ಲಿ ಒಂದು ದಿನದಲ್ಲಿ ಸುರಿಸುವ ನೀರಷ್ಟೇ ಲೇಹ್‌ನಲ್ಲಿ ವರ್ಷವಿಡೀ ಬೀಳುತ್ತದೆ, ಸುಮಾರು 100 ಮಿಲಿಮೀಟರ್. ಹಾಗೆಂದು ಮೈಮರೆಯುವಂತಿಲ್ಲ, 2010ರ ಆಗಸ್ಟ್‌ನಲ್ಲಿ ಮೇಘಸ್ಫೋಟದ ಒಂದೇ ರಾತ್ರಿಯ ಪ್ರವಾಹ ಲೇಹ್‌ನಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಆ ಬೋಳು ಗುಡ್ಡಗಳಲ್ಲಿ ನೀರನ್ನು ಹಿಡಿದಿಡುವ ಮಣ್ಣೂ ಇಲ್ಲ, ಮರವೂ ಇಲ್ಲ. ಹಳ್ಳದ ಪಾತ್ರದಲ್ಲಿ ಟೆಂಟು ಹಾಕಲು ಬಿಡಬೇಡಿ. ಹಿಮ ಕರಗಿ ಮಧ್ಯಾಹ್ನದ ಮೇಲೆ ತೊರೆಗಳು ಉಬ್ಬುವುದರಿಂದ ದಾಟುವ ಕೆಲಸವನ್ನು ಬೆಳಗ್ಗೆಯೇ ಮುಗಿಸಿ. ಆಗಸ್ಟ್ ಕೊನೆಗೆ ಮುಂದೂಡಿದರೆ ನೀರೂ ಇಳಿದಿರುತ್ತದೆ. ಅಷ್ಟಮಿ, ಚೌತಿ ಯಾವ ದಿನ ಬಿದ್ದರೂ ಅದಕ್ಕೆ ತಕ್ಕಂತೆ ನೋಡಿಕೊಳ್ಳಿ. ಖರ್ಚು ಉಳಿಸಲು ದೆಹಲಿಗೆ ರೈಲಿನಲ್ಲಿ ಹೋಗುವುದಾದರೆ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ನಿಧಾನದ್ದೆಂಬುದು ನೆನಪಿರಲಿ.

ಶೂ ಯಾವುದಾದರೂ ಸರಿ, ಕಾಲಿಗೆ ಪಳಗಿರಬೇಕು. ಅಟ್ಟದಲ್ಲಿ ಎರಡು ಮಳೆಗಾಲ ಕಳೆದ ಹಳೆಯ ಶೂವನ್ನು ಮಾತ್ರ ನಂಬಬೇಡಿ. ನಮ್ಮ ಕರಾವಳಿಯ ತೇವಕ್ಕೆ ಅಡಿಭಾಗದ ಒಳಪದರ ಪುಡಿಯಾಗಿ, ನಡುದಾರಿಯಲ್ಲಿ ಸೋಲ್ ಕಳಚಿಕೊಳ್ಳುತ್ತದೆ. ವರ್ಷವಿಡೀ ಬೆವರಿನಲ್ಲಿ ತೋಯುವ ನಮಗೆ ಲಡಾಖ್‌ನಲ್ಲಿ ಬೆವರುವುದೇ ಇಲ್ಲವೆನಿಸುತ್ತದೆ. ಒಣಗಾಳಿಗೆ ಅದು ಆಗಿಂದಾಗ್ಗೆ ಆರುತ್ತಿರುತ್ತದೆ, ಆದ್ದರಿಂದ ಬಾಯಾರದಿದ್ದರೂ ದಿನಕ್ಕೆ ಮೂರು ಲೀಟರ್ ನೀರು ಬೇಕು. ನಿಮಾಲಿಂಗ್‌ನ ರಾತ್ರಿ ಆಗಸ್ಟ್‌ನಲ್ಲೂ ಸೊನ್ನೆಯ ಹತ್ತಿರ ಇಳಿಯುತ್ತದೆ. ಅಂದಹಾಗೆ ಕುಚ್ಚಲಕ್ಕಿ ಒಯ್ಯುವ ಆಸೆ ಬೇಡ. ಅಲ್ಲಿ ನೀರು ಸುಮಾರು 84 ಡಿಗ್ರಿಯಲ್ಲೇ ಕುದಿಯುವುದರಿಂದ ಎಷ್ಟು ಹೊತ್ತಾದರೂ ಗಂಜಿಯಾಗುವುದಿಲ್ಲ. ಮಿಡಿ ಉಪ್ಪಿನಕಾಯಿ ಒಯ್ಯಿರಿ, ಹಸಿವು ಸತ್ತ ದಿನ ಹೋಂಸ್ಟೇಯ ತುಕ್ಪಾದ (ನೂಡಲ್ ಸೂಪಿನ) ಜೊತೆ ಅದೇ ಊಟ ಇಳಿಸುತ್ತದೆ.

ಫೋನ್ ಬಗ್ಗೆ: ನಮ್ಮ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು, ಕಣಿವೆಯೊಳಗೆ ಬಹುತೇಕ ಕಡೆ ಅದೂ ಮೌನ. ವಿದೇಶದಲ್ಲಿರುವ ಬಂಧುಗಳು ಕಳುಹಿಸಿದ ಉಪಗ್ರಹ ಫೋನನ್ನು ಅನುಮತಿಯಿಲ್ಲದೆ ಒಯ್ಯುವುದು ನಮ್ಮ ದೇಶದಲ್ಲಿ ಅಪರಾಧ. ಇಂಥ ದಿನ ಲೇಹ್‌ಗೆ ಮರಳುತ್ತೇವೆ, ಅದರ ಮರುದಿನ ರಾತ್ರಿಯವರೆಗೆ ಕರೆ ಬಾರದಿದ್ದರೆ ಮಾತ್ರ ಈ ಸಂಖ್ಯೆಗೆ ವಿಚಾರಿಸಿ ಎಂದು ಮನೆಯವರಿಗೆ ಬರೆದುಕೊಟ್ಟು ಹೊರಡಿ. ಪರಿಷ್ಕರಿಸಿದ ದಿನಗಳ ಪಟ್ಟಿಯನ್ನು, ಪ್ರತಿ ರಾತ್ರಿಯ ಎತ್ತರದ ಸಮೇತ, ಟಿಕೆಟ್ ಮಾಡುವ ಮೊದಲು ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.