ರಾತ್ರಿ ಕೈ ಜೋಮು ಹಿಡಿದರೆ ಮಾತ್ರೆ ಹುಡುಕಬೇಡಿ, ಬೆರಳು ನೋಡಿ

ನಡುರಾತ್ರಿ ಎರಡೂ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೊಡವಿದರೆ ಸರಿಹೋಗುತ್ತದೆ, ರಕ್ತ ಸರಿಯಾಗಿ ಓಡಾಡುತ್ತಿಲ್ಲ ಅನ್ನಿಸುತ್ತದೆ, ಯಾವ ವಿಟಮಿನ್ ಮಾತ್ರೆ ತಗೊಂಡರೆ ಒಳ್ಳೆಯದು ಎಂದು ಕೇಳಿದ್ದೀರಿ. ಮಾತ್ರೆಯ ಹೆಸರು ನಾನು ಹೇಳುವುದಿಲ್ಲ. ಇದು ರಕ್ತದ ತೊಂದರೆ ಅನ್ನುವುದನ್ನೂ ಒಪ್ಪುವುದಿಲ್ಲ. ನಿಮ್ಮ ಹಾಗೇ ನಾನೂ ರಕ್ತ, ನಿಶ್ಶಕ್ತಿ, ವಿಟಮಿನ್ ಅಂತ ಸುತ್ತಿ ಸುತ್ತಿ ಬಲಗೈ ಹೆಬ್ಬೆರಳಿನ ಬಲವನ್ನು ಅರ್ಧ ಕಳೆದುಕೊಂಡೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನದು ಬಟ್ಟೆ ಹೊಲಿಯುವ ಕೆಲಸ. ಬೆಳಗಿನಿಂದ ಸಂಜೆವರೆಗೆ ಕತ್ತರಿ, ಸೂಜಿ, ಮೆಷಿನ್. ಮೊದಮೊದಲು ಅಪರೂಪಕ್ಕೆ ರಾತ್ರಿ ಹೊತ್ತು ಬಲಗೈ ಜುಮ್ಮೆನ್ನುತ್ತಿತ್ತು. ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ಬರುಬರುತ್ತಾ ದಿನಾ ಎಚ್ಚರವಾಗತೊಡಗಿತು. ಎದ್ದು ಕೂತು, ಕೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟು, ಕೊಡವಿ, ಬೆರಳು ಮಡಿಸಿ ಬಿಚ್ಚಿ ಮಾಡಿದರೆ ಸೂಜಿ ಚುಚ್ಚಿದಂತಾಗಿ ಜೀವ ಬರುತ್ತಿತ್ತು. ಬೆಳಗಾದರೆ ಏನೂ ಇಲ್ಲ. ಏನೂ ಇಲ್ಲದ್ದಕ್ಕೆ ಡಾಕ್ಟರ್ ಹತ್ತಿರ ಯಾಕೆ ಹೋಗಬೇಕು ಅನ್ನಿಸುತ್ತಿತ್ತು. ದಿಂಬು ಬದಲಿಸಿದೆ, ಹಾಸಿಗೆ ಬದಲಿಸಿದೆ. ನಮ್ಮ ಅತ್ತಿಗೆ ಹೇಳಿದರು ಅಂತ ಬಿ ಕಾಂಪ್ಲೆಕ್ಸ್ ಮಾತ್ರೆ ತಂದು ನುಂಗಿದೆ. ಒಂದಷ್ಟು ದಿನ ಚೆನ್ನಾಗಿಯೂ ಇತ್ತು. ಮಾತ್ರೆ ಕೆಲಸ ಮಾಡಿತು ಅಂದುಕೊಂಡೆ. ಆಗ ಹೊಲಿಗೆ ಕೆಲಸ ಕಡಿಮೆ ಇತ್ತು ಅನ್ನುವುದು ಹೊಳೆಯಲೇ ಇಲ್ಲ. ಈ ತೊಂದರೆಯ ಗುಣವೇ ಅದು. ತಾನಾಗಿ ಕಡಿಮೆಯಾಗುತ್ತದೆ, ತಾನಾಗಿ ಜಾಸ್ತಿಯಾಗುತ್ತದೆ. ಕಡಿಮೆಯಾದ ಹೊತ್ತಿಗೆ ಏನು ನುಂಗುತ್ತಿರುತ್ತೇವೋ ಅದಕ್ಕೆ ಒಳ್ಳೆಯ ಹೆಸರು ಬರುತ್ತದೆ.

ನಾನು ಮಾಡಿದ ದೊಡ್ಡ ತಪ್ಪು ಮಾತ್ರೆ ನುಂಗಿದ್ದಲ್ಲ. ಕೊನೆಗೂ ಡಾಕ್ಟರ್ ಹತ್ತಿರ ಹೋದೆ, ಅಲ್ಲಿ ಆಯಿತು ತಪ್ಪು. 'ಕೈ ಪೂರ್ತಿ ಜೋಮು ಹಿಡಿಯುತ್ತದೆ' ಅಂದೆ. ಅವರು 'ಎಲ್ಲ ಬೆರಳೂನಾ?' ಎಂದು ಕೇಳಿದರು. ನಾನು ಒಂದು ಕ್ಷಣವೂ ಯೋಚಿಸದೆ 'ಹೌದು, ಎಲ್ಲ' ಅಂದುಬಿಟ್ಟೆ. ನೋಡಿರಲೇ ಇಲ್ಲ ನಾನು! ನಡುರಾತ್ರಿ, ಕತ್ತಲು, ಅರೆನಿದ್ದೆ. ಜೋಮು ಹಿಡಿದಾಗ ಇಡೀ ಕೈ ಹೋದಂತೆಯೇ ಅನ್ನಿಸುತ್ತದೆ. ಯಾವ ಬೆರಳು ಸತ್ತಿದೆ, ಯಾವುದಕ್ಕೆ ಜೀವ ಇದೆ ಎಂದು ಒಂದೊಂದಾಗಿ ಮುಟ್ಟಿ ನೋಡುವ ಯೋಚನೆ ಯಾರಿಗೆ ಬರುತ್ತದೆ? ಮೊಣಕೈ ತನಕ ಎಳೆತ ಇತ್ತು, ಅದನ್ನೂ ಸೇರಿಸಿ 'ತೋಳೆಲ್ಲ' ಅಂದೆ. ಎಲ್ಲ ಬೆರಳು, ತೋಳು ಅಂದರೆ ಅವರಿಗೆ ಕುತ್ತಿಗೆಯ ಮೇಲೆ ಅನುಮಾನ ಬಂತು. ಕುತ್ತಿಗೆಯ ಎಕ್ಸ್‌ರೇ ಆಯಿತು. ಅದರಲ್ಲಿ ಮೂಳೆ ಸ್ವಲ್ಪ ಸವೆದಿದೆ ಎಂದು ಬಂತು. ನಡುವಯಸ್ಸು ದಾಟಿದವರ ಕುತ್ತಿಗೆ ಎಕ್ಸ್‌ರೇ ತೆಗೆದರೆ ಸುಮಾರು ಜನಕ್ಕೆ ಸವೆತ ಕಾಣುತ್ತದೆ, ಅವರಲ್ಲಿ ಎಷ್ಟೋ ಜನಕ್ಕೆ ಯಾವ ತೊಂದರೆಯೂ ಇರುವುದಿಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ. ಕಾರಣ ಸಿಕ್ಕಿತು ಎಂದು ನಂಬಿದೆ. ತಿಂಗಳುಗಟ್ಟಲೆ ಕುತ್ತಿಗೆ ವ್ಯಾಯಾಮ ಮಾಡಿದೆ, ಶ್ರದ್ಧೆಯಿಂದ ಮಾಡಿದೆ. ಅಷ್ಟೂ ದಿನ ಮಣಿಕಟ್ಟಿನಲ್ಲಿ ನರ ಒತ್ತಿಸಿಕೊಳ್ಳುತ್ತಲೇ ಇತ್ತು. ಡಾಕ್ಟರನ್ನು ದೂರುವುದಿಲ್ಲ. ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ನಾನು ಉತ್ತರ ಗೊತ್ತಿಲ್ಲದೆ ಉತ್ತರ ಕೊಟ್ಟೆ. 'ಗೊತ್ತಿಲ್ಲ, ಇವತ್ತು ರಾತ್ರಿ ನೋಡಿ ಬಂದು ಹೇಳುತ್ತೇನೆ' ಅಂದಿದ್ದರೆ ಸಾಕಿತ್ತು.

ಆಮೇಲೆ ಹಗಲಲ್ಲೂ ಶುರುವಾಯಿತು. ಕೈಯಿಂದ ಗುಂಡಿ ಜಾರುತ್ತಿತ್ತು. ಸೂಜಿ ಬೆರಳಲ್ಲಿ ಇದೆಯೋ ಬಿದ್ದಿದೆಯೋ ಎಂದು ಕಣ್ಣಿಟ್ಟು ನೋಡಬೇಕಾಗುತ್ತಿತ್ತು. ಬೇರೆ ಡಾಕ್ಟರ್ ಹತ್ತಿರ ಹೋದೆ. ಅವರು ನನ್ನ ಮಾತು ಕೇಳುವ ಮೊದಲು ಎರಡೂ ಅಂಗೈ ಮೇಲೆ ಮಾಡಿ ಇಡಿಸಿದರು. ಬಲ ಹೆಬ್ಬೆರಳಿನ ಬುಡದ ದಪ್ಪ ಮಾಂಸ ಎಡಗೈಗಿಂತ ಚಪ್ಪಟೆಯಾಗಿತ್ತು. ದಿನಾ ನೋಡುವ ಕೈ, ನನಗೇ ಕಂಡಿರಲಿಲ್ಲ. ಆಮೇಲೆ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಒಂದೊಂದು ಬೆರಳನ್ನೂ ಸವರಿದರು. ಕಿರುಬೆರಳು ಚೆನ್ನಾಗಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಂಕು. ಉಂಗುರದ ಬೆರಳಿನಲ್ಲಿ ಮಾತ್ರ ವಿಚಿತ್ರ. ನಡುಬೆರಳಿನ ಕಡೆಯ ಅರ್ಧ ಮಂಕು, ಕಿರುಬೆರಳಿನ ಕಡೆಯ ಅರ್ಧ ಸರಿ. ಒಂದೇ ಬೆರಳಿನಲ್ಲಿ ಎರಡು ನರಗಳ ಗಡಿ ಇದೆಯಂತೆ. ಆ ಗಡಿ ಹೀಗೆ ಬೆರಳಿನ ನಡುವೆ ಸಿಕ್ಕಿದರೆ ತೊಂದರೆ ಕುತ್ತಿಗೆಗಿಂತ ಮಣಿಕಟ್ಟಿನಲ್ಲಿರುವುದೇ ಹೆಚ್ಚು ಎಂದರು. ನರದ ವೇಗ ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆಯಲ್ಲೂ ಅದೇ ಬಂತು. ಕಾರ್ಪಲ್ ಟನಲ್.

ಹೆಸರು ಕೇಳಿ ಗಾಬರಿಯಾಗಬೇಡಿ. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿ ಇದೆ. ಕೆಳಗೆ ಸಣ್ಣ ಮೂಳೆಗಳು, ಮೇಲೆ ಹಿಗ್ಗದ ಗಟ್ಟಿ ಪಟ್ಟಿ. ಬೆರಳು ಮಡಿಸುವ 9 ಸ್ನಾಯುರಜ್ಜುಗಳು, ಜೊತೆಗೆ ಮೀಡಿಯನ್ ಅನ್ನುವ ಒಂದು ನರ, ಎಲ್ಲವೂ ಅದರೊಳಗೇ ಹೋಗಬೇಕು. ಒಂದು ಲಾಡಿಗೆ ಅಂತ ಹೊಲಿದ ಮಡಿಕೆಯಲ್ಲಿ ಹತ್ತು ಲಾಡಿ ತೂರಿಸಿದ ಹಾಗೆ. ಒಳಗೆ ಸ್ವಲ್ಪ ಊದಿದರೂ ಮೆತ್ತಗಿರುವ ನರಕ್ಕೇ ಪೆಟ್ಟು. ನಿದ್ದೆಯಲ್ಲಿ ನಾವು ಮಣಿಕಟ್ಟನ್ನು ಮಡಿಸಿ, ಕೈಯನ್ನು ಎದೆಗೋ ಗಲ್ಲದ ಕೆಳಗೋ ಒತ್ತಿಕೊಂಡು ಮಲಗುತ್ತೇವೆ. ಮಡಿಸಿದಾಗ ಒಳಗಿನ ಒತ್ತಡ ಏರುತ್ತದೆ. ಅದಕ್ಕೇ ರಾತ್ರಿ ಜಾಸ್ತಿ. ಕೊಡವಿದಾಗ ಮಣಿಕಟ್ಟು ನೆಟ್ಟಗಾಗಿ ನರ ಉಸಿರಾಡುತ್ತದೆ. ಕೊಡವಿದರೆ ಸರಿಹೋಗುತ್ತದೆ ಅನ್ನುವ ನಿಮ್ಮ ಮಾತು ಡಾಕ್ಟರ್‌ಗಳು ಕಿವಿಗೊಟ್ಟು ಕೇಳುವ ಲಕ್ಷಣ. ರಕ್ತದ ವಿಷಯಕ್ಕೆ ಬಂದರೆ, ಕೈಗೇ ರಕ್ತ ಹೋಗುತ್ತಿಲ್ಲ ಅಂದರೆ ಕೈ ಬಿಳಿಚಿಕೊಳ್ಳಬೇಕು, ತಣ್ಣಗಾಗಬೇಕು, ಉಗುರು ನೀಲಿಯಾಗಬೇಕು. ಹಾಗೆ ಆಗುತ್ತಿದ್ದರೆ ಅದು ಬೇರೆ ಕಾಯಿಲೆ, ತಕ್ಷಣ ತೋರಿಸಿ.

ಹಾಗಾಗಿ ಇವತ್ತು ಎಚ್ಚರವಾದಾಗ ಕೊಡವುವ ಮೊದಲು ದೀಪ ಹಾಕಿ. ಕೈ ಯಾವ ಭಂಗಿಯಲ್ಲಿತ್ತು ನೋಡಿ. ಇನ್ನೊಂದು ಕೈಯಿಂದ ಕಿರುಬೆರಳನ್ನು ಮೊದಲು ಮುಟ್ಟಿ. ಅದಕ್ಕೆ ಸ್ಪರ್ಶ ಚೆನ್ನಾಗಿದ್ದು ಉಳಿದವು ಮಂಕಾಗಿದ್ದರೆ ಮಣಿಕಟ್ಟಿನ ಕಡೆ ಗಮನ ಕೊಡಿ. ಹಗಲಲ್ಲಿ ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ಎರಡೂ ಕೈಗಳ ಹಿಂಭಾಗ ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖ ಮಾಡಿ, ಮಣಿಕಟ್ಟು ಪೂರ್ತಿ ಮಡಿಸಿ 60 ಸೆಕೆಂಡ್ ಹಿಡಿಯಿರಿ. ಅಮೆರಿಕದ ಸರ್ಜನ್ ಜಾರ್ಜ್ ಫೇಲೆನ್ ಹೆಸರಿನಲ್ಲಿ ಕರೆಯುವ ಪರೀಕ್ಷೆ ಇದು. ಜುಮ್ಮೆಂದರೆ ಅನುಮಾನ ಗಟ್ಟಿ. ಏನೂ ಆಗಲಿಲ್ಲ ಅಂತ ಮಾತ್ರ ಸುಮ್ನೆ ಕೂರಬೇಡಿ, ತೊಂದರೆ ಇದ್ದೂ ಇದರಲ್ಲಿ ಕಾಣದೇ ಇರಬಹುದು.

ಕಿರುಬೆರಳು ಮತ್ತು ಅದರ ಪಕ್ಕದ ಅರ್ಧ ಬೆರಳೇ ಜೋಮು ಹಿಡಿದಿದ್ದರೆ ಕತೆ ಬೇರೆ. ಅದು ಮೊಣಕೈ ಹಿಂದೆ ಹಾದುಹೋಗುವ ಅಲ್ನಾರ್ ನರ. ಮೊಣಕೈ ಬಾಗಿಲಿಗೆ ತಾಗಿದಾಗ ಶಾಕ್ ಹೊಡೆದಂತಾಗುತ್ತದೆ ಅಲ್ವಾ, ಅದೇ. ಮೊಣಕೈ ಮಡಿಸಿ ಕೈಯನ್ನು ದಿಂಬಿನಡಿ ಇಟ್ಟು ಮಲಗುವವರಿಗೆ ಇದು ಸಾಮಾನ್ಯ. ಮೆತ್ತನೆಯ ಟವೆಲನ್ನು ಮೊಣಕೈಗೆ ಸಡಿಲವಾಗಿ ಸುತ್ತಿ ಮಲಗಿದರೆ ಪೂರ್ತಿ ಮಡಿಸಲು ಆಗುವುದಿಲ್ಲ. ಹಗಲಲ್ಲಿ ಮೇಜಿನ ಮೇಲೆ ಮೊಣಕೈ ಊರುವುದನ್ನು ಬಿಡಿ. ಕುತ್ತಿಗೆಯದ್ದಾದರೆ ಸಾಮಾನ್ಯವಾಗಿ ಕುತ್ತಿಗೆಯಿಂದಲೋ ಬೆನ್ನಿನ ಮೇಲ್ಭಾಗದಿಂದಲೋ ತೋಳಿಗೆ ನೋವು ಇಳಿಯುತ್ತದೆ, ಕತ್ತು ತಿರುಗಿಸಿದರೆ ಜಾಸ್ತಿಯಾಗುತ್ತದೆ. ತೋಳಿನ ಮೇಲೇ ಮಲಗಿ ಅದು ಮರಗಟ್ಟಿದ್ದರೆ ಕೆಲವೇ ನಿಮಿಷದಲ್ಲಿ ಸರಿಹೋಗುತ್ತದೆ, ಅದಕ್ಕೆ ಚಿಂತೆ ಬೇಡ. ಎದ್ದ ಮೇಲೂ ಮಣಿಕಟ್ಟು ಜೋತುಬಿದ್ದು ಎತ್ತಲಾಗದಿದ್ದರೆ ಮಾತ್ರ ಅದು ತೋರಿಸಲೇಬೇಕಾದ ವಿಷಯ.

ವಿಟಮಿನ್ ಪೂರ್ತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬಿ12 ಕೊರತೆಯಿಂದ ನರ ಹಾಳಾಗುತ್ತದೆ, ಸಕ್ಕರೆ ಕಾಯಿಲೆಯಿಂದಲೂ ಆಗುತ್ತದೆ. ಅಂಥದ್ದು ಹೆಚ್ಚಾಗಿ ಪಾದಗಳಲ್ಲಿ ಮೊದಲು ಕಾಣುತ್ತದೆ, ಹಗಲು ರಾತ್ರಿ ಅನ್ನದೆ ಇರುತ್ತದೆ, ಕೊಡವಿದರೆ ಹೋಗುವುದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತಗೊಳ್ಳುವವರಲ್ಲಿ ಬಿ12 ಇಳಿಯಬಹುದು. ಅನುಮಾನ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ತಗೊಳ್ಳಿ. ಅಂದಾಜಿನ ಮೇಲೆ ಬೇಡ. ಬಿ6 ಹೆಚ್ಚು ಪ್ರಮಾಣದಲ್ಲಿ ಬಹಳ ದಿನ ನುಂಗಿದರೆ ಅದರಿಂದಲೇ ನರ ಕೆಟ್ಟು ಕೈಕಾಲು ಜೋಮು ಹಿಡಿಯುತ್ತದೆ. ಅದನ್ನು ಕಲಿತ ದಿನ ನಾನು ಆ ಬಿ ಕಾಂಪ್ಲೆಕ್ಸ್ ಡಬ್ಬಿ ಎಸೆದೆ. ಪರೀಕ್ಷೆ ಮಾಡಿಸುವಾಗ ಥೈರಾಯ್ಡ್ ಕೂಡ ಸೇರಿಸಿ. ಥೈರಾಯ್ಡ್ ಕಡಿಮೆಯಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಸಂಧಿವಾತ ಇದ್ದರೆ ಈ ಮಣಿಕಟ್ಟಿನ ತೊಂದರೆ ಬರುವ ಸಾಧ್ಯತೆ ಜಾಸ್ತಿ. ಗರ್ಭಿಣಿಯರಿಗೂ ಬರುತ್ತದೆ, ಸಾಮಾನ್ಯವಾಗಿ ಹೆರಿಗೆ ಆದಮೇಲೆ ತಾನಾಗಿ ಇಳಿಯುತ್ತದೆ.

ನನ್ನ ಎಡಗೈಗೂ ಇದೇ ತೊಂದರೆ ಇತ್ತು, ಅದು ಬರೀ ಪಟ್ಟಿಯಿಂದಲೇ ಸುಧಾರಿಸಿತು. ರಾತ್ರಿ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಸ್ಪ್ಲಿಂಟ್, ಅಷ್ಟೇ. ಇದರಲ್ಲೂ ಒಂದು ಸೂಕ್ಷ್ಮ ಇದೆ. ಸಿದ್ಧವಾಗಿ ಸಿಗುವ ಎಷ್ಟೋ ಸ್ಪ್ಲಿಂಟ್‌ಗಳ ಒಳಗಿನ ಲೋಹದ ಪಟ್ಟಿ ಕೈಯನ್ನು ಹಿಂದಕ್ಕೆ ಬಾಗಿಸುವಂತೆ ಇರುತ್ತದೆ. ಹಿಂದಕ್ಕೆ ಬಾಗಿದರೂ ಒತ್ತಡ ಏರುತ್ತದೆ. ಆ ಲೋಹವನ್ನು ಹೊರಗೆ ತೆಗೆದು, ನೆಟ್ಟಗೆ ಮಾಡಿ, ಮತ್ತೆ ಹಾಕಿ. ಮಣಿಕಟ್ಟು ಮುಂಗೈಗೆ ಸರಿನೇರ ಇರಬೇಕು. ಬಿಗಿಯಾಗಿ ಕಟ್ಟಬೇಡಿ. ಮೊದಲ ಕೆಲವು ರಾತ್ರಿ ಕಿರಿಕಿರಿಯಾಗುತ್ತದೆ, ಬಿಡಬೇಡಿ. ಕನಿಷ್ಠ 6 ವಾರ ಪ್ರತಿ ರಾತ್ರಿ ಹಾಕಿ ನೋಡಿ, ಆಮೇಲೆ ತೀರ್ಮಾನ ಮಾಡಿ. ಮಣಿಕಟ್ಟಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ಕೊಡುತ್ತಾರೆ, ಕೆಲವರಿಗೆ ಅದರಿಂದ ಕೆಲವು ತಿಂಗಳು ಆರಾಮ ಸಿಗುತ್ತದೆ.

ಬಲಗೈಗೆ ಆ ಕಾಲ ಮೀರಿತ್ತು. ಆಪರೇಷನ್ ಆಯಿತು. ಕೈಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮೇಲಿನ ಗಟ್ಟಿ ಪಟ್ಟಿಯನ್ನು ಕತ್ತರಿಸಿ ದಾರಿ ಅಗಲ ಮಾಡಿದರು. ಅದೇ ದಿನ ಮನೆಗೆ ಬಂದೆ. ರಾತ್ರಿಯ ಜೋಮು ಬೇಗನೇ ನಿಂತಿತು. ಅಂಗೈ ಬುಡದ ನೋವು ಮಾತ್ರ ತಿಂಗಳುಗಟ್ಟಲೆ ಇತ್ತು. ಹಾಳಾದ ನರದ ಎಳೆ ಬೆಳೆಯುವುದು ಹೆಚ್ಚುಕಡಿಮೆ ದಿನಕ್ಕೆ 1 ಮಿಲಿಮೀಟರ್. ಮಣಿಕಟ್ಟಿನಿಂದ ಬೆರಳ ತುದಿಗೆ ಎಷ್ಟು ದೂರ ಎಂದು ಅಳೆದು ನೋಡಿ, ಅದು ಎಷ್ಟು ತಿಂಗಳ ಮಾತು ಎಂದು ಗೊತ್ತಾಗುತ್ತದೆ. ನನ್ನ ಬೆರಳ ತುದಿಗಳಿಗೆ ಸ್ಪರ್ಶ ಬಂದಿದೆ, ಮೊದಲಿನಷ್ಟಿಲ್ಲ. ಹೆಬ್ಬೆರಳ ಬುಡ ತುಂಬಿಕೊಳ್ಳಲಿಲ್ಲ. ದಪ್ಪ ಬಟ್ಟೆಗೆ ಸೂಜಿ ಚುಚ್ಚುವುದು ಈಗ ನನ್ನಿಂದ ಆಗುವುದಿಲ್ಲ, ಆ ಕೆಲಸ ಬೇರೆಯವರಿಗೆ ಕೊಡುತ್ತೇನೆ.

ಇಷ್ಟೆಲ್ಲ ನಿಧಾನವಾಗಿ ಬೆಳೆಯುವ ತೊಂದರೆಯ ಮಾತು. ಇದ್ದಕ್ಕಿದ್ದಂತೆ ದೇಹದ ಒಂದೇ ಕಡೆಯ ಕೈಕಾಲು ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಸ್ಟ್ರೋಕ್ ಇರಬಹುದು. ಎದೆ ಹಿಂಡಿ, ಬೆವರಿ, ತೋಳು ಭಾರವಾದರೆ ಹೃದಯದ್ದಿರಬಹುದು. ಆಗ ಬೆರಳು ಎಣಿಸುತ್ತಾ ಕೂರಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ.

ನಿಮ್ಮ ಪ್ರಶ್ನೆಯಲ್ಲಿ ಹಗಲಿನ ಬಗ್ಗೆ ಒಂದು ಮಾತೂ ಇಲ್ಲ. ಹಗಲಲ್ಲಿ ಏನೂ ಇಲ್ಲದಿದ್ದರೆ ಸ್ಪ್ಲಿಂಟ್ ಹಾಕಿ ನೋಡಲು ನಿಮಗೆ ಸಮಯ ಇದೆ. ಫೋನ್ ಹಿಡಿದಾಗ ಜುಮ್ಮೆನ್ನುತ್ತಿದ್ದರೆ, ಗುಂಡಿ ಹಾಕಲು ತಡವರಿಸುತ್ತಿದ್ದರೆ, ಎರಡೂ ಅಂಗೈ ಪಕ್ಕಪಕ್ಕ ಇಟ್ಟಾಗ ಒಂದು ಹೆಬ್ಬೆರಳ ಬುಡ ಚಪ್ಪಟೆಯಾಗಿ ಕಂಡರೆ ಸ್ಪ್ಲಿಂಟ್ ನಂಬಿ ಕಾಯಬೇಡಿ. ಈ ವಾರವೇ ನರರೋಗ ತಜ್ಞರನ್ನೋ ಮೂಳೆ ಡಾಕ್ಟರನ್ನೋ ನೋಡಿ. ಯಾವ ಬೆರಳು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ನರ್ವ್ ಕಂಡಕ್ಷನ್ ಪರೀಕ್ಷೆ ಬೇಕಾ ಎಂದು ನೀವೇ ಕೇಳಿ.