ಆರು ಒಂದುಗಳ ವರ್ಗದಿಂದ ಯಾರಿಗೇನು ಪ್ರಯೋಜನ?

ಧಾರವಾಡದ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ 12345654321 ಎಂಬ ಒಂದೇ ಸಂಖ್ಯೆಗೆ ಇಡೀ ಪುಟ ಕೊಟ್ಟಿದ್ದೀರಿ. ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಸಿಗುವ ಇಂಥ ವಿವರಗಳಿಂದ ಯಾರಿಗೇನು ಪ್ರಯೋಜನ?”

ಸಂಪಾದಕರ ಉತ್ತರ: ಮಾನ್ಯರೇ, ಒಪ್ಪಿಗೆಯಾಗದ್ದನ್ನು ಮುಚ್ಚುಮರೆಯಿಲ್ಲದೆ ತಿಳಿಸುವ ತಮ್ಮಂಥವರಿಂದಲೇ ಈ ಅಂಕಣಕ್ಕೆ ಕಳೆ ಬಂದಿದೆ. ನಮ್ಮಲ್ಲಿ ಪುಟಗಳು ಕಡಿಮೆ, ಗುಣಾಕಾರವನ್ನು ಯಂತ್ರ ನಮಗಿಂತ ಬೇಗ ಮಾಡುತ್ತದೆ ಎಂಬುದೂ ನಿಜ. ಆದರೆ ಪ್ರಯೋಜನದ ಪ್ರಶ್ನೆಯನ್ನು ಈ ಸಂಖ್ಯೆಯ ಮುಂದಿಟ್ಟದ್ದು ನನಗೆ ನೋವು ತಂದಿದೆ.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ 27994681ನ್ನು 441ರಿಂದ ಗುಣಿಸಿ ಇದೇ ಸಂಖ್ಯೆಯನ್ನು ತಲುಪಿದ್ದಾರೆ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111, ಅಂದರೆ ನಮ್ಮ ಸಂಖ್ಯೆ ಈ ಆರು ಒಂದುಗಳ ವರ್ಗ. ಇಷ್ಟು ಅಚ್ಚುಕಟ್ಟಾದ ವಿಭಜನೆ ಆಕಸ್ಮಿಕವೆಂದು ನಾನು ಒಪ್ಪಲಾರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಅವರು ಹಾರವಾಗಿ ಕಂಡರು. 142857143ನ್ನು 7ರಿಂದ ಗುಣಿಸಿ 1000000001 ಪಡೆದದ್ದೂ ಅದೇ ಗ್ರಂಥದಲ್ಲಿದೆ.

ಈಗ ಪೆನ್ಸಿಲ್ ಹಿಡಿದು ನೋಡಿ. 111111 ಎಂದರೆ 111 ಗುಣಿಸು 1001. ಮೊದಲನೆಯದು 3 ಮತ್ತು 37ರ ಗುಣಲಬ್ಧ, ಎರಡನೆಯದು 7, 11, 13ರ ಗುಣಲಬ್ಧ. ಆದ್ದರಿಂದ ನಮ್ಮ ಸಂಖ್ಯೆಯಲ್ಲಿ ಈ ಐದು ಅವಿಭಾಜ್ಯಗಳೂ ಎರಡೆರಡು ಬಾರಿ ಬರುತ್ತವೆ, ಭಾಜಕಗಳ ಸಂಖ್ಯೆ 243 ಆಗುತ್ತದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿದರೆ 13029870672 ಬರುತ್ತದೆ. ಅದು ಮೂಲ ಸಂಖ್ಯೆಗಿಂತ ದೊಡ್ಡದು. ಹೀಗೆ ಭಾಜಕಗಳ ಮೊತ್ತ ತನ್ನನ್ನೇ ಮೀರುವ ಸಂಖ್ಯೆ ಸಮೃದ್ಧ ಸಂಖ್ಯೆ. ಸರಿಸಂಖ್ಯೆಗಳಲ್ಲಿ ಈ ಗುಣ 12ರಿಂದಲೇ ಕಾಣಿಸಿಕೊಳ್ಳುತ್ತದೆ, ಬೆಸಸಂಖ್ಯೆಗಳಲ್ಲಿ 945ರವರೆಗೆ ಕಾಯಬೇಕು.

ಮೊಬೈಲು ಈ ಉತ್ತರವನ್ನು ಕೊಡುತ್ತದೆ, ಒಪ್ಪೋಣ. ಆದರೆ ಕೇಳಬೇಕೆಂಬ ಆಸೆ ಮೊದಲು ಹುಟ್ಟಬೇಕಲ್ಲವೇ? ಒಂದು ಪ್ರೌಢಶಾಲೆಗೆ ಹೋಗಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು 111111ರ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ, ಎರಡು ಮೊತ್ತಗಳೂ 3 ಎಂದು ಕಂಡು, “ಸರ್, 11ರಿಂದ ಭಾಗ ಹೋಗತದ” ಎಂದು ಎದ್ದು ನಿಂತಳು. ಅದು ಪರೀಕ್ಷೆಗೆ ಬರುವುದಿಲ್ಲವೆಂದು ಅವಳನ್ನು ಕೂರಿಸಲಾಯಿತು. ಅಂಕಗಳಿಗಾಗಿ ಗಣಿತ ಕಲಿಸುವ ನಮ್ಮ ಶಾಲೆಗಳು, ಪಂಚಾಂಗಕ್ಕೂ ರಾಶಿಫಲಕ್ಕೂ ಧಾರಾಳವಾಗಿ ಜಾಗ ಕೊಟ್ಟು ಗಣಿತಕ್ಕೆ ಅರ್ಧ ಕಾಲಮ್ಮನ್ನೂ ಕೊಡದ ನಮ್ಮ ಪತ್ರಿಕೆಗಳು, ಮಹಾವೀರಾಚಾರ್ಯರ ಹೆಸರನ್ನು ಭಾಷಣಕ್ಕೆ ಮಾತ್ರ ಬಳಸಿ ಅವರ ಒಂದು ಲೆಕ್ಕವನ್ನೂ ಮಾಡಿನೋಡದ ನಮ್ಮ ಅಭಿಮಾನ, ಇವೆಲ್ಲ ಸೇರಿ ಅಂಥ ಮಕ್ಕಳನ್ನು ಸುಮ್ಮನಾಗಿಸುತ್ತಿವೆ.

ಮುಂದಿನ ಸಂಚಿಕೆಯಲ್ಲಿ ಏಳು ಒಂದುಗಳ ವರ್ಗವಾದ 1234567654321ಕ್ಕೆ ಅದೇ ಪುಟ ಮೀಸಲು. ಹೊರಗಿನಿಂದ ಅದೂ ಅದೇ ಹಾರ; ಆದರೆ 1111111 ಒಡೆಯುವುದು 239 ಮತ್ತು 4649 ಎಂಬ ಎರಡೇ ಅವಿಭಾಜ್ಯಗಳಾಗಿ, ಆದ್ದರಿಂದ ಅದರ ವರ್ಗಕ್ಕೆ ಒಂಬತ್ತೇ ಭಾಜಕಗಳು, ಸಮೃದ್ಧಿಯ ಹತ್ತಿರಕ್ಕೂ ಅದು ಬರುವುದಿಲ್ಲ. ಒಂದೇ ಒಂದು ಅಂಕಿ ಸೇರಿದ್ದಕ್ಕೆ ಇಷ್ಟು ವ್ಯತ್ಯಾಸ ಹೇಗಾಯಿತೆಂದು ತಾವೇ ಒಮ್ಮೆ ಲೆಕ್ಕ ಮಾಡಿ ನೋಡಿ, ಕಂಡದ್ದನ್ನು ನಮಗೆ ಬರೆದರೆ ಆ ಪತ್ರಕ್ಕೂ ಜಾಗವಿದೆ.