ಬೀದಿಯಲ್ಲಿ ಬಿಟ್ಟುಹೋದ ಕಾರು ಯಾರ ಪಾಲಿಗೆ?

ಮಾನ್ಯರೇ,

ಚಿಕ್ಕಮಗಳೂರಿನ ತಮ್ಮ ಬಡಾವಣೆಯ ತಿರುವಿನಲ್ಲಿ ಎರಡು ಮಳೆಗಾಲ ಕಂಡ ಕಾರಿನ ಕುರಿತು ತಾವು ಬರೆದ ಪತ್ರ ತಲುಪಿದೆ. ಟಯರುಗಳು ನೆಲಕ್ಕೆ ಕುಸಿದಿವೆ, ಬಾನೆಟ್ಟಿನ ಮೇಲೆ ಪಾಚಿ ಕಟ್ಟಿದೆ, ಬ್ಯಾಟರಿಯನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಇದನ್ನು ನಗರಸಭೆಯವರೇ ಗುಜರಿಗೆ ಹಾಕಬಾರದೇಕೆ ಎಂದು ಕೇಳಿದ್ದೀರಿ.

ನೇರವಾಗಿ ಹಾಗೆ ಹಾಕಲಾಗದು. ಪಾಚಿ ಕಟ್ಟಿದ ಮಾತ್ರಕ್ಕೆ ಕಾರು ವಾರಸುದಾರರಿಲ್ಲದ ಸ್ವತ್ತಾಗುವುದಿಲ್ಲ. ನೋಂದಣಿ ದಾಖಲೆಯಲ್ಲಿ ಹೆಸರಿರುವವರೇ ಅದರ ಮಾಲೀಕರು. ಆದರೆ ಅದನ್ನು ರಸ್ತೆಯಿಂದ ತೆಗೆಸಲು ಅವರ ಒಪ್ಪಿಗೆ ಬೇಕಿಲ್ಲ. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಬಿಟ್ಟುಹೋದ ವಾಹನವನ್ನು ಎಳೆಸಿಕೊಂಡು ಹೋಗಲು, 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮು ಆ ವ್ಯಾಪ್ತಿಯ ಪೊಲೀಸ್ ಅಧಿಕಾರಿಗೆ ಅಧಿಕಾರ ಕೊಟ್ಟಿದೆ. ವಾಹನ ನಿಂತ ಜಾಗದಿಂದ ಸಂಚಾರಕ್ಕೆ ಅಪಾಯವಿದ್ದರೆ ಅಷ್ಟು ಹೊತ್ತೂ ಕಾಯಬೇಕಾಗಿಲ್ಲ. ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಅಡ್ಡನಿಂತ ಲಾರಿಗೆ ಬೇಗ ಕ್ರೇನ್ ಬರುವುದು ಅಲ್ಲಿ ದಾರಿ ಕಟ್ಟುವುದರಿಂದ. ತಮ್ಮ ಬೀದಿಯ ಕಾರಿಗೆ ಆ ಭಾಗ್ಯವಿಲ್ಲ. ಎಳೆಸಿದ ಖರ್ಚು ಮಾಲೀಕರ ಮೇಲೆ ಬೀಳುತ್ತದೆಯೇ ಹೊರತು ದೂರು ಕೊಟ್ಟವರ ಮೇಲಲ್ಲ.

ನಿಜವಾದ ತೊಡಕು ಆರಂಭವಾಗುವುದು ಕಾರು ಠಾಣೆಯ ಆವರಣ ಸೇರಿದ ಮೇಲೆ. ನಂಬರ್ ಪ್ಲೇಟ್ ಇಲ್ಲದಿದ್ದರೆ ಕಾರಿನ ಚೌಕಟ್ಟಿನ ಮೇಲೆ ಕೆತ್ತಿರುವ ಚಾಸಿಸ್ ಸಂಖ್ಯೆಯಿಂದ ಮಾಲೀಕರನ್ನು ಹುಡುಕಬೇಕು, ಕಳವಿನ ಮಾಲೇ ಎಂದು ನೋಡಬೇಕು, ಜಪ್ತಿಯನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಹಕ್ಕುದಾರರು ಗೊತ್ತಾಗದಿದ್ದಾಗ ನ್ಯಾಯಾಲಯವು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಎಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಕಾನೂನಿನ, 503ನೇ ಕಲಮಿನಂತೆ ಪ್ರಕಟಣೆ ಹೊರಡಿಸಿ, ಮುಂದೆ ಬರಲು 6 ತಿಂಗಳ ಅವಕಾಶ ಕೊಡುತ್ತದೆ; ಆಗಲೂ ಯಾರೂ ಬಾರದಿದ್ದರೆ ಹರಾಜು. ವಾಹನಗಳನ್ನು ಠಾಣೆಗಳಲ್ಲಿ ದೀರ್ಘಕಾಲ ಇಟ್ಟುಕೊಳ್ಳುವುದರಿಂದ ಪ್ರಯೋಜನವಿಲ್ಲವೆಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದ್ದರೂ, ಠಾಣೆಗಳ ಹಿತ್ತಲಲ್ಲಿ ತುಕ್ಕು ಹಿಡಿಯುವ ವಾಹನಗಳ ಸಾಲು ಕರಗಿಲ್ಲ. ಒಮ್ಮೆ ತಂದಿಟ್ಟ ಕಾರಿಗೆ ಲೆಕ್ಕ ಕೊಡಬೇಕಾದ ಅಧಿಕಾರಿ ಅದನ್ನು ತರಲು ಹಿಂಜರಿದರೆ ನನಗೆ ಆಶ್ಚರ್ಯವಿಲ್ಲ, ಸಮರ್ಥನೆಯೂ ಇಲ್ಲ.

ಮಾಲೀಕರೇಕೆ ಬಿಟ್ಟುಹೋಗುತ್ತಾರೆ? ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಗಳಿಂದ 5,000ಕ್ಕೆ ಏರಿತು. ರಿಪೇರಿ, ದಂಡ, ವಿಮೆ ಎಲ್ಲವನ್ನೂ ಕೂಡಿಸಿದರೆ ಕಾರಿನ ಬೆಲೆಯನ್ನೇ ಮೀರುವುದುಂಟು. ಇನ್ನು ಕೆಲವು ಕಾರುಗಳು ಎರಡು ಮೂರು ಕೈ ದಾಟಿದ್ದರೂ ಆರ್.ಸಿ., ಎಂದರೆ ನೋಂದಣಿ ಪತ್ರ, ಮಾತ್ರ ಮೊದಲನೆಯವರ ಹೆಸರಿನಲ್ಲೇ ಉಳಿದಿರುತ್ತದೆ. 'ನಾನು ಮಾರಿಯಾಯಿತು' ಎಂಬ ಮಾತು ಅವರನ್ನು ಕಾಯುವುದಿಲ್ಲ: ಹೆಸರು ವರ್ಗಾವಣೆಯಾಗದಿದ್ದರೆ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕರೇ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕಾರು ಮತ್ತೆಂದೂ ಓಡದಷ್ಟು ಕೆಟ್ಟಿದ್ದರೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ, ಎಂದರೆ ಆರ್‌ಟಿಒ ಕಚೇರಿಗೆ, ತಿಳಿಸಬೇಕೆಂದು ಕಾಯ್ದೆಯ 55ನೇ ಕಲಮು ಹೇಳುತ್ತದೆ. ನಮ್ಮಲ್ಲಿ ಇದನ್ನು ಪಾಲಿಸುವವರು ಅಪರೂಪ.

ಗುಜರಿಯ ದಾರಿಯೂ ಈಗ ಬದಲಾಗಿದೆ. 2021ರ ಕೇಂದ್ರ ನಿಯಮಗಳ ಪ್ರಕಾರ, ಇಂತಹ ವಾಹನಗಳನ್ನು ನೋಂದಾಯಿತ ಗುಜರಿ ಕೇಂದ್ರಗಳಲ್ಲಿ ಒಡೆಯಬಹುದು. ಅಲ್ಲಿ ಎಂಜಿನ್ ಆಯಿಲ್, ಬ್ಯಾಟರಿ, ಏಸಿಯ ಗ್ಯಾಸುಗಳನ್ನು ಮೊದಲೇ ಬೇರ್ಪಡಿಸಬೇಕು. ಮಾಲೀಕರು ತಾವಾಗಿಯೇ ಒಪ್ಪಿಸಿದರೆ ಸಿಗುವ ಠೇವಣಿ ಪ್ರಮಾಣಪತ್ರದಿಂದ ಹೊಸ ಕಾರಿನ ತೆರಿಗೆಯಲ್ಲಿ ರಿಯಾಯಿತಿಗೂ ಅವಕಾಶವಿದೆ.

ತಾವು ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಒಂದು ಪ್ರತಿಯನ್ನು ನಗರಸಭೆಯ ಪೌರಾಯುಕ್ತರಿಗೂ ಕೊಡಿ. ಕಾರಿನ ನಂಬರು, ದಿನಾಂಕವಿರುವ ಫೋಟೋ, ಬ್ಯಾಟರಿ ಕಾಣೆಯಾದ ಸಂಗತಿ ಎಲ್ಲವೂ ಅದರಲ್ಲಿರಲಿ. ಮುಂದೆ ಬಿಡಿಭಾಗಗಳ ಮಾತು ಬಂದಾಗ ತಮ್ಮ ಬೀದಿಯವರ ಮೇಲೆ ಅನುಮಾನ ಬರಬಾರದು. ಕಾರಿನೊಳಗೆ ಮಳೆನೀರು ನಿಂತಿದ್ದರೆ ಅದನ್ನೂ ತಪ್ಪದೆ ಬರೆಯಿರಿ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ರಾಜ್ಯದಲ್ಲಿ, ಸೊಳ್ಳೆಯ ದೂರಿಗೆ ನಗರಸಭೆಯ ಆರೋಗ್ಯ ವಿಭಾಗ 'ಇದು ಪೊಲೀಸರ ಕೆಲಸ' ಎಂದು ಉತ್ತರಿಸುವಂತಿಲ್ಲ.

ಸಂಪಾದಕ